ಎತ್ತಬೇಕಾಗಿದ್ದು ಒಂದೂಕಾಲು ಇಂಚು, ಹಿಡಿದಿದ್ದು ಮೂರು ಭಾನುವಾರ

ಸಾಮಾನು ಸಾಗಿಸೋ ಅಣ್ಣಂಗೆ ಫೋನಲ್ಲಿ ನಾನು ಹೇಳಿದ್ದು ಇಷ್ಟೇ, ಅಣ್ಣ ಜಯಲಕ್ಷ್ಮೀಪುರಂನಲ್ಲಿ ಒಂದು ದೊಡ್ಡ ಪಿಯಾನೋ ಇದೆ ಅದನ್ನ ಎತ್ತಿ ಟ್ರಕ್ ಮೇಲೆ ಕೂರಿಸ್ಬೇಕು, ಇಬ್ಬರು ಬನ್ನಿ ಅಂತ. ಭಾನುವಾರ ಬೆಳಗ್ಗೆ ನೋಡಿದ್ರೆ ಗೇಟ್ ಮುಂದೆ ಒಂದು ಗೂಡ್ಸ್ ಆಟೋ ನಿಂತಿದೆ, ಹಿಂದಿನ ಡಾಲಾ ಇಳಿಸಿ, ಹಗ್ಗ ಗೋಣಿಚೀಲ ಎಲ್ಲ ರೆಡಿ ಮಾಡ್ಕೊಂಡು ಅಣ್ಣ ಬೀಡಿ ಸೇದ್ತಾ ಕೂತವ್ರೆ. ನಾನು ಹಾಲ್ ಒಳಗೆ ಕರ್ಕೊಂಡು ಹೋಗಿ ಮೂರು ಕೈ ಚಾಚಿಕೊಂಡು ನೆಲದ ಮೇಲೆ ಬಿದ್ದಿದ್ದ ಕಬ್ಬಿಣದ ಚೌಕಟ್ಟು ತೋರಿಸಿ, ಟ್ರಕ್ ಅಂದ್ರೆ ಇದು ಅಣ್ಣ, ಪಿಯಾನೋ ಕಾಲ ಕೆಳಗೆ ಹಾಕೋ ಗಾಲಿ ಚೌಕಟ್ಟು ಅಂದೆ. ಅವರು ಅದನ್ನ ಕಾಲಲ್ಲಿ ಒಂದ್ಸಲ ಮುಟ್ಟಿ, "ಇದ್ಕೆ ಟ್ರಕ್ಕು ಅಂತ ಯಾರ್ ಸಾ ಹೆಸರು ಮಡಗಿದ್ದು" ಅಂದ್ರು. ಗೂಡ್ಸ್ ಆಟೋ ಬಾಡಿಗೆ ನಾನೇ ಕೊಟ್ಟೆ, ತಪ್ಪು ನಂದೇ.

ಪಿಯಾನೋ ನಮ್ಮ ದೊಡ್ಡಮ್ಮಂದು. ನಲವತ್ತು ವರ್ಷಕ್ಕೂ ಮೇಲಾಯ್ತು ಅದೇ ಹಾಲಲ್ಲಿ ಮಕ್ಕಳಿಗೆ ಪಾಠ ಹೇಳ್ತಾ ಇದಾರೆ. ಮನೆ ಹಳೇದು, ಮದ್ರಾಸ್ ತಾರಸಿ, ನೆಲ ಕೆಂಪು ರೆಡ್ ಆಕ್ಸೈಡು, ಕನ್ನಡಿ ಥರ ಹೊಳೆಯುತ್ತೆ. ತಾರಸಿ ಸೋರುತ್ತೆ, ಅದೂ ಕರೆಕ್ಟಾಗಿ ಪಿಯಾನೋ ನೆತ್ತಿ ಮೇಲೇ ಸೋರುತ್ತೆ. ಎಷ್ಟು ಸಲ ರಿಪೇರಿ ಮಾಡಿಸಿದ್ರೂ ಒಂದು ಮಳೆಗಾಲ ಸುಮ್ಮನಿದ್ದು ಮುಂದಿನ ಮಳೆಗಾಲಕ್ಕೆ ಮತ್ತೆ ಶುರು. ಹಾಗಾಗಿ ಜೋರು ಮಳೆ ಬಂದಾಗೆಲ್ಲ ಪಿಯಾನೋನ ನಾಲ್ಕು ಅಡಿ ಪಕ್ಕಕ್ಕೆ ತಳ್ಳೋದು, ಬಿಸಿಲು ಬಂದ ಮೇಲೆ ವಾಪಸ್ ತಳ್ಳೋದು. ಹಿತ್ತಾಳೆಯ ಸಣ್ಣ ಗಾಲಿಗಳು ಮೂರು ಕಾಲಿಗೂ ಇವೆ, ಆದ್ರೆ ಅವು ಇರೋದು ಶೋಕಿಗೆ ಅಂತ ನನಗೆ ಗೊತ್ತಾಗಿದ್ದು ಹೋದ ವರ್ಷ. ಪಾಠಕ್ಕೆ ಬಂದಿದ್ದ ನಾಲ್ಕು ಹುಡುಗರು ಸೇರಿ ತಳ್ಳಿದಾರೆ, ಮುಂದಿನ ಬಲಗಾಲಿನ ಗಾಲಿ ನೆಲದ ಒಂದು ಸಣ್ಣ ಗುಂಡಿಗೆ ಸಿಕ್ಕಿಕೊಂಡಿದೆ, ಮೇಲಿನ ಭಾಗ ಮುಂದಕ್ಕೆ ಹೋಗಿದೆ, ಕಾಲು ಅಲ್ಲೇ ನಿಂತಿದೆ. "ಲಟಕ್" ಅಂತು ಕಣೋ ಪುಟ್ಟ, ನನ್ನ ಎದೇನೇ ಲಟಕ್ ಅಂದ ಹಾಗಾಯ್ತು ಅಂತಾರೆ ದೊಡ್ಡಮ್ಮ. ಕಾಲಿನ ತಲೆ ಹತ್ರ ಒಂದು ಗೇಣುದ್ದ ಸೀಳು. ಪುಣ್ಯಕ್ಕೆ ಮುರಿದು ಬೀಳಲಿಲ್ಲ.

ಗ್ರ್ಯಾಂಡ್ ಪಿಯಾನೋ ಭಾರದ ಬಗ್ಗೆ ಜನ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ದೊಡ್ಡಮ್ಮಂದು ಆರಡಿ ಚಿಲ್ಲರೆ ಉದ್ದ. ಅದೇ ಅಳತೆಯ ಯಮಹಾ ಸಿ3 ಅನ್ನೋ ಮಾಡೆಲ್ 186 ಸೆಂಟಿಮೀಟರ್, ತೂಕ 320 ಕೆಜಿ, ಹಾಗಾಗಿ ನಾನು 320 ಅಂತಲೇ ಲೆಕ್ಕ ಇಟ್ಟುಕೊಂಡೆ. ದೊಡ್ಡ ಸಭಾಂಗಣಗಳಲ್ಲಿ ಇರೋ ಸ್ಟೈನ್‌ವೇ ಡಿ 274 ಸೆಂಟಿಮೀಟರ್ ಉದ್ದ, 480 ಕೆಜಿ. ಮರದ ಪೆಟ್ಟಿಗೆ ಇಷ್ಟು ತೂಗೋದು ಹೆಂಗೆ ಅಂದ್ರೆ ಒಳಗೆ ಎರಕದ ಕಬ್ಬಿಣದ ದೊಡ್ಡ ಚೌಕಟ್ಟು ಇದೆ, ಇನ್ನೂರಕ್ಕೂ ಹೆಚ್ಚು ತಂತಿಗಳ ಎಳೆತ ಎಲ್ಲ ಸೇರಿ ಹದಿನೈದಿಪ್ಪತ್ತು ಟನ್ ಆಗುತ್ತೆ, ಅದನ್ನ ತಡ್ಕೊಳ್ಳೋದು ಆ ಕಬ್ಬಿಣ. ನಮ್ಮ ಮೈಸೂರಲ್ಲಿ ಭಾರ ಅಂದ್ರೆ ಎಲ್ಲರಿಗೂ ನೆನಪಾಗೋದು ಅಂಬಾರಿ, ಅದು 750 ಕೆಜಿ, ಅದನ್ನ ಈಗ ಕ್ರೇನಲ್ಲಿ ಎತ್ತಿ ಆನೆ ಬೆನ್ನ ಮೇಲೆ ಕೂರಿಸ್ತಾರೆ. ನಮ್ಮದು ಅದರ ಅರ್ಧಕ್ಕಿಂತ ಕಮ್ಮಿ, ಅದೂ ಒಂದು ಸಲಕ್ಕೆ ಒಂದೇ ಕಾಲು ಎತ್ತಿದ್ರೆ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು, ಅಂದ್ರೆ 100-110 ಕೆಜಿ. ಎರಡು ಮೂಟೆ ಸಿಮೆಂಟು. ಆದ್ರೆ ಭಯ ಬೀಳಬೇಕಾಗಿರೋದು ಭಾರಕ್ಕಲ್ಲ, ಪಕ್ಕಕ್ಕೆ ಹೋಗೋ ಒತ್ತಡಕ್ಕೆ. ಪಿಯಾನೋ ಕಾಲು ಅಂದ್ರೆ ನೆಟ್ಟಗೆ ನಿಲ್ಲಿಸಿದ ಒನಕೆ ಇದ್ದ ಹಾಗೆ, ಮೇಲಿಂದ ಎಷ್ಟು ಭಾರ ಹೇರಿದ್ರೂ ಹೊರುತ್ತೆ, ಪಕ್ಕದಿಂದ ತಳ್ಳಿದ್ರೆ ಅದರ ಕೈಲಾಗಲ್ಲ. ಟ್ರಕ್ ಹಾಕೋದು ಅದಕ್ಕೇ. ಮೂರು ಕಾಲನ್ನೂ ಒಂದೇ ಕಬ್ಬಿಣದ ಚೌಕಟ್ಟಿಗೆ ಕಟ್ಟಿಹಾಕಿಬಿಟ್ರೆ ತಳ್ಳೋವಾಗ ಬರೋ ಎಳೆದಾಟ ಎಲ್ಲ ಕಬ್ಬಿಣಕ್ಕೆ ಹೋಗುತ್ತೆ, ಕಾಲಿನ ತಲೆಗೆ ಬರಲ್ಲ.

ಹೊರದೇಶದಿಂದ ರೆಡಿಮೇಡ್ ತರಿಸೋಣ ಅಂತ ಬೆಲೆ ಕೇಳಿದ್ವಿ, ಕೇಳಿ ಸುಮ್ಮನಾದ್ವಿ. ನಾನು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಫ್ಯಾಕ್ಟರೀಲಿ ಮೇಂಟೆನೆನ್ಸ್ ಕೆಲಸದವನು, ಕಬ್ಬಿಣ ನೋಡಿ ಹೆದರೋ ಜಾತಿ ಅಲ್ಲ. ಪೇಪರ್ ಮೇಲೆ ಗೀಚಿಕೊಂಡು ಬನ್ನಿಮಂಟಪದ ಹತ್ರ ಗೊತ್ತಿರೋ ವೆಲ್ಡಿಂಗ್ ಶಾಪಲ್ಲಿ ಮಾಡಿಸಿದೆ. ನಡುವೆ ಒಂದು ದಪ್ಪ ಪ್ಲೇಟು, ಅದಕ್ಕೆ ಮೂರು ಕೈ, ಒಂದೊಂದು ಕೈನೂ 16 ಎಂಎಂ ಬೋಲ್ಟಿನ ಮೇಲೆ ತಿರುಗುತ್ತೆ, 50 ಎಂಎಂ ಚೌಕ ಪೈಪಿನ ಒಳಗೆ 40 ಎಂಎಂ ಪೈಪು ತೂರಿಸಿರೋದ್ರಿಂದ ಉದ್ದನೂ ಹೆಚ್ಚು ಕಮ್ಮಿ ಮಾಡಬಹುದು. ಕೈ ತುದೀಲಿ ಕಾಲು ಕೂರೋಕೆ ಬಟ್ಟಲಿನಂಥ ಒಂದು ಕಪ್ಪು, ಕಪ್ಪಿನ ಎರಡು ಪಕ್ಕ ಒಂದೊಂದು ಮೂರಿಂಚಿನ ಗಾಲಿ, ಒಟ್ಟು ಆರು, ಎಲ್ಲವೂ ಬ್ರೇಕ್ ಇರೋ ಸುತ್ತೋ ಗಾಲಿ. ಕಪ್ಪನ್ನ ಗಾಲಿಯ ಮೇಲೆ ಕೂರಿಸಿದ್ರೆ ಪಿಯಾನೋ ನಾಲ್ಕಿಂಚು ಮೇಲೆ ಹೋಗುತ್ತೆ, ಆಮೇಲೆ ನಿಂತ್ಕೊಂಡೇ ನುಡಿಸ್ಬೇಕು. ಅದಕ್ಕೆ ಕಪ್ಪನ್ನ ಎರಡು ಗಾಲಿ ಮಧ್ಯೆ ಕೆಳಕ್ಕೆ ಇಳಿಬಿಟ್ಟಿದ್ದು, ಕಪ್ಪಿನ ತಳ ನೆಲದಿಂದ 25 ಎಂಎಂ ಅಷ್ಟೇ. ಗಾಲಿ ಪಾಲಿಯುರಿಥೇನ್‌ದು, ಕಬ್ಬಿಣದ ಗಾಲಿ ಹಾಕಿದ್ರೆ ದೊಡ್ಡಮ್ಮ ನನ್ನನ್ನ ಮನೆಗೆ ಸೇರಿಸ್ತಿರಲಿಲ್ಲ. ಎಲ್ಲ ಸೇರಿ ಒಂಬತ್ತು ಸಾವಿರ ಚಿಲ್ಲರೆ ಆಯ್ತು, ಪೇಂಟ್ ಬೇರೆ.

ಮೊದಲನೇ ಭಾನುವಾರ ಹಾಳಾಗಿದ್ದು ನನ್ನ ಬುದ್ಧಿವಂತಿಕೆಯಿಂದ. ಕಪ್ಪಿನ ತಳ 25 ಎಂಎಂ, ಹಾಗಾದ್ರೆ ಒಂದಿಂಚು ಚೂರು ಮೇಲೆ ಎತ್ತಿದ್ರೆ ಸಾಕು ಅಂತ ಲೆಕ್ಕ ಹಾಕಿದ್ದೆ. ಕಾಲು ಜಾರದ ಹಾಗೆ ಕಪ್ಪಿಗೆ ಸುತ್ತ 20 ಎಂಎಂ ಅಂಚು ಕಟ್ಟಿಸಿದ್ದೂ ನಾನೇ, ಆ ಅಂಚನ್ನೂ ದಾಟಿಸಿ ಕಾಲು ಒಳಗೆ ಇಳಿಸ್ಬೇಕು ಅನ್ನೋದು ಮಾತ್ರ ತಲೆಗೆ ಹೊಳೀಲಿಲ್ಲ. ಅಂದ್ರೆ ಎತ್ತಬೇಕಾಗಿರೋದು ಎರಡಿಂಚು. ಒಂದು ಕಾಲನ್ನ ಎರಡಿಂಚು ಎತ್ತಿದ್ರೆ ಉಳಿದ ಎರಡು ಕಾಲಿನ ಮೇಲೆ ಇಡೀ ಪಿಯಾನೋ ವಾಲುತ್ತೆ, ಅದರಲ್ಲಿ ಒಂದು ಕಾಲಂತೂ ಸೀಳು ಬಿಟ್ಟು ರಿಪೇರಿ ಆಗಿರೋದು. ನಮ್ಮ ಆಚಾರ್ರು, ಆ ಕಾಲಿಗೆ ಅಂಟು ತುಂಬಿ ಕ್ಲ್ಯಾಂಪ್ ಹಾಕಿ ಸರಿ ಮಾಡಿಕೊಟ್ಟಿದ್ದವರು ಅವರೇ, ಕಪ್ಪನ್ನ ತಿರುಗಿಸಿ ತಿರುಗಿಸಿ ನೋಡಿ "ಇದಕ್ಕೊಂದು ಬಾಗಿಲು ಇಡಬಾರದಾ" ಅಂದ್ರು. ಅಷ್ಟೇ ಮಾತು. ಕಪ್ಪಿನ ಒಂದು ಕಡೆ ಅಂಚನ್ನ ಗ್ರೈಂಡರಲ್ಲಿ ಕೊಯ್ದು, ಕಾಲು ಒಳಗೆ ಹೋದ ಮೇಲೆ ಎರಡು ಬೋಲ್ಟ್ ಹಾಕಿ ಮುಚ್ಚೋ ಹಾಗೆ ಒಂದು ಪಟ್ಟಿ ಮಾಡಿಸಿದ್ವಿ. ಈಗ ಒಂದೂಕಾಲು ಇಂಚು ಎತ್ತಿದ್ರೆ ಸಾಕು.

ಹಿತ್ತಾಳೆ ಗಾಲಿ ತೆಗೆಯೋದಾ ಬೇಡ್ವಾ ಅಂತಲೂ ಒಂದು ಚರ್ಚೆ ನಡೀತು. ಸಾಮಾನ್ಯವಾಗಿ ತೆಗೆದುಬಿಡ್ತಾರೆ, ಕಾಲಿನ ತಳನೇ ನೇರವಾಗಿ ಕಪ್ಪಲ್ಲಿ ಕೂರುತ್ತೆ. ನಮ್ಮ ಪಿಯಾನೋದಲ್ಲಿ ಗಾಲಿ ದಂಟು ಕಾಲೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿದೆ, ಬಲವಂತ ಮಾಡಿದ್ರೆ ಮರ ಸೀಳುತ್ತೆ ಅಂತ ಆಚಾರ್ರು ಕೈ ಮುಗಿದುಬಿಟ್ರು. ಸರಿ ಗಾಲಿ ಸಮೇತ ಕಪ್ಪಲ್ಲಿ ಕೂರಿಸೋದು ಅಂತಾಯ್ತು, ಒಳಗೆ ಗಾಲಿ ಉರುಳದ ಹಾಗೆ ರಬ್ಬರ್ ಹಾಳೆ, ಸುತ್ತ ಮರದ ಬಿಲ್ಲೆ. ಪಿಯಾನೋ ಒಂದಿಂಚು ಎತ್ತರ ಆಗುತ್ತೆ, ಆಗಲಿ.

ಎರಡನೇ ಭಾನುವಾರ ಎತ್ತೋ ಕೆಲಸ ಏನೂ ಮಾಡಲಿಲ್ಲ, ಬರೀ ಕೆಳಗೆ ಮಲಗಿ ನೋಡಿದ್ದು. ಯಾರಾದ್ರೂ ಈ ಕೆಲಸಕ್ಕೆ ಇಳಿಯೋರಿದ್ರೆ ದಯವಿಟ್ಟು ಒಂದು ದಿನ ಇದಕ್ಕೇ ಇಟ್ಕೊಳ್ಳಿ. ಜಮಖಾನ ಹಾಸ್ಕೊಂಡು ಟಾರ್ಚ್ ಹಿಡಿದು ಪಿಯಾನೋ ಕೆಳಗೆ ಅಂಗಾತ ಮಲಗಿದೆ. ಅಲ್ಲೊಂದು ಬೇರೇನೇ ಲೋಕ. ದಪ್ಪ ದಪ್ಪ ಮರದ ಬೀಮುಗಳು ಬೀಸಣಿಗೆ ಥರ ಹರಡಿಕೊಂಡಿವೆ, ಅವುಗಳ ಮೇಲ್ಗಡೆ ತೆಳ್ಳಗೆ ಹಳದಿ ಬಣ್ಣದ ಹಲಗೆ, ಅದಕ್ಕೆ ಅಡ್ಡಡ್ಡ ಸಣ್ಣ ಪಟ್ಟಿಗಳು, ಅದೇ ಸೌಂಡ್‌ಬೋರ್ಡು. ಒಂದು ಮೂಲೇಲಿ ಕಣಜ ಮಣ್ಣಿನ ಗೂಡು ಕಟ್ಟಿ ಯಾವ ಕಾಲಕ್ಕೋ ಖಾಲಿ ಮಾಡಿ ಹೋಗಿದೆ, ಬೀಮಿನ ಸಂದೀಲಿ ಅರ್ಧ ಪೆನ್ಸಿಲು, ಒಂದು ಬೀಮಿನ ಮೇಲೆ ಯಾರೋ ಬರೆದ ಅಂಕಿ ಮಾಸಿ ಹೋಗಿದೆ. ಜಾಕ್ ತಪ್ಪಿ ಆ ಹಳದಿ ಹಲಗೆಗೆ ತಾಗಿದ್ರೆ ಪಿಯಾನೋ ಕಥೆ ಮುಗೀತು, ತಂತಿಯ ಸ್ವರ ದೊಡ್ಡದಾಗೋದೇ ಅಲ್ಲಿ. ಎತ್ತೋದಿದ್ರೆ ಮುಂಭಾಗದಲ್ಲಿ ಕೀಗಳ ಕೆಳಗಿರೋ ದಪ್ಪ ಹಲಗೆಗೆ, ಕಾಲಿಗೆ ಆದಷ್ಟು ಹತ್ತಿರ, ಹಿಂಭಾಗದಲ್ಲಿ ಹಿಂಗಾಲು ಕೂತಿರೋ ಕಡೆಯ ಬೀಮಿಗೆ ಮಾತ್ರ. ನಾನು ಮೂರು ಜಾಗಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕ್ದೆ.

ಆಮೇಲೆ ಕಾಲು. ಹಳೇ ಗ್ರ್ಯಾಂಡ್‌ಗಳಲ್ಲಿ ಕಾಲನ್ನ ಸ್ಕ್ರೂ ಹಾಕಿ ಬಿಗಿದಿರಲ್ಲ, ಕಾಲಿನ ತಲೇಲಿ ಒಂದು ಲೋಹದ ಪ್ಲೇಟು, ಮೇಲೊಂದು ಪ್ಲೇಟು, ಒಂದರೊಳಗೊಂದು ಜಾರಿ ಕೂರುತ್ತೆ, ವಾಪಸ್ ಬರದ ಹಾಗೆ ಪಕ್ಕದಲ್ಲಿ ಒಂದು ಮರದ ಬೆಣೆ. ಕಾಲು ನೆಲದ ಮೇಲೆ ಇರೋತನಕ ಭಾರಕ್ಕೆ ಅದು ಭದ್ರವಾಗೇ ಇರುತ್ತೆ. ಪಿಯಾನೋ ಮೇಲೆತ್ತಿದ ತಕ್ಷಣ ಕಾಲಿನ ಮೇಲಿನ ಭಾರ ಹೋಗುತ್ತೆ, ಬೆಣೆ ಸಡಿಲ ಇದ್ರೆ ಕಾಲೇ ಕಳಚಿ ಬೀಳುತ್ತೆ, ಅದೂ ಕಪ್ಪು ತೂರಿಸೋಕೆ ಕೈ ಹಾಕಿದವನ ಮೇಲೆ. ಆಚಾರ್ರು ಮೂರು ಬೆಣೆನೂ ಮರದ ಸುತ್ತಿಗೇಲಿ ತಟ್ಟಿ ನೋಡಿದ್ರು, ಎರಡು ಟಕ್ ಟಕ್ ಅಂದ್ವು, ಹಿಂಗಾಲಿನ ಬೆಣೆ ಮಾತ್ರ ಡಬ್ ಅಂತು. ಕೈಯಲ್ಲೇ ಎಳೆದ್ರೆ ಹೊರಗೇ ಬಂತು. ಎಷ್ಟು ವರ್ಷದಿಂದ ಹಂಗಿತ್ತೋ ಏನೋ. ಹೊಸ ಬೆಣೆ ಕೆತ್ತಿ ಹಾಕಿದ್ರು.

ಅವತ್ತೇ ಪೆಡಲ್ ಪೆಟ್ಟಿಗೇನೂ ಬಿಚ್ಚಿದ್ವಿ. ಕೀಗಳ ಕೆಳಗೆ ನೇತಾಡ್ತಾ ಇರುತ್ತಲ್ಲ ಲೈರ್ ಅನ್ನೋ ಹಳೇ ತಂತಿವಾದ್ಯದ ಆಕಾರದಲ್ಲಿ, ಅದು. ಅದು ಇದ್ರೆ ಜಾಕ್ ಇಡೋಕೆ ಜಾಗ ಸಿಗಲ್ಲ, ಯಾರದೋ ಮೊಣಕಾಲು ತಾಗಿ ಮುರಿಯೋದು ಬೇರೆ. ಬಿಚ್ಚೋಕೆ ಮುಂಚೆ ಮೊಬೈಲಲ್ಲಿ ನಾಲ್ಕು ಕಡೆಯಿಂದ ಫೋಟೋ, ಒಳಗಿನ ಕಡ್ಡಿಗಳಿಗೆ ಒಂದು ಎರಡು ಮೂರು ಅಂತ ಟೇಪಲ್ಲಿ ನಂಬರು. ಮೇಲಿನ ಮುಚ್ಚಳ ಮುಚ್ಚಿ, ನೋಟ್ಸ್ ಇಡೋ ಸ್ಟ್ಯಾಂಡ್ ತೆಗೆದು, ಕೀ ಮುಚ್ಚಳಕ್ಕೆ ಬೀಗ. ದೊಡ್ಡಮ್ಮ ಅದರ ಮೇಲಿದ್ದ ಫೋಟೋ, ಹೂದಾನಿ, ಬೆಳ್ಳಿ ಕುಂಕುಮದ ಭರಣಿ ಎಲ್ಲ ಒಂದೊಂದೇ ತೆಗೆದು ಟೀಪಾಯಿ ಮೇಲೆ ಅದೇ ಸಾಲಲ್ಲಿ ಜೋಡಿಸಿದ್ರು.

ಮೂರನೇ ಭಾನುವಾರ ಗೂಡ್ಸ್ ಆಟೋ ಪ್ರಸಂಗ. ಅಣ್ಣ ಮದ್ದೂರಿನ ಕಡೆಯವರು, ಬೀರು ಫ್ರಿಜ್ಜು ಸಾಗಿಸೋದೇ ಕಸುಬು, ಜೊತೆಗೆ ಅವರ ತಮ್ಮ. ಬಂದವರೇ ಪಿಯಾನೋ ಸುತ್ತ ಒಂದು ಪ್ರದಕ್ಷಿಣೆ ಹಾಕಿ "ಇದ್ಯಾಕ್ ಸಾ ಇಷ್ಟೊಂದ್ ತಯಾರಿ, ನಾನು ಕೆಳಗೆ ಬಗ್ಗಿ ಬೆನ್ ಕೊಡ್ತೀನಿ, ನನ್ ತಮ್ಮ ಒಂದ್ ಕಡೆ ಹಿಡೀತಾನೆ, ಎದ್ದೋಯ್ತದೆ ಬುಡಿ" ಅಂದ್ರು. ಸುಳ್ಳಲ್ಲ, ಪಿಯಾನೋದವರು ಹಾಗೆ ಬೆನ್ನಲ್ಲೇ ಎತ್ತೋದೂ ಉಂಟು, ಮಂಡಿ ಊರಿ ಕೆಳಗೆ ತೂರಿಕೊಂಡು ಬೆನ್ನನ್ನ ಮೇಲಕ್ಕೆ ಒತ್ತೋದು. ಆದ್ರೆ ಎತ್ತಿದವನಿಗೆ ಕೆಮ್ಮು ಬಂದ್ರೆ? ಕಾಲು ಜಾರಿದ್ರೆ? ಅಣ್ಣಂಗೆ ಐವತ್ತೈದರ ಮೇಲಾಗಿದೆ. ಬೇಡ ಅಣ್ಣ, ಜಾಕ್ ಎತ್ತಲಿ, ನೀವು ಹಿಡ್ಕೊಳ್ಳಿ ಸಾಕು ಅಂದೆ. ಅವರಿಗೆ ಸ್ವಲ್ಪ ಬೇಜಾರಾಯ್ತು ಅನ್ಸುತ್ತೆ, ಮುಖ ಬಿಗಿ ಮಾಡ್ಕೊಂಡ್ರು.

ಜಾಕ್ ವಿಷಯದಲ್ಲೂ ಒಂದು ಮಾತು. ಕಾರ್ ಗ್ಯಾರೇಜಿನ ಟ್ರಾಲಿ ಜಾಕ್ ತಂದಿದ್ದೆ ಮೊದಲು. ಪಿಯಾನೋ ಹೊಟ್ಟೆ ನೆಲದಿಂದ 24 ಇಂಚು ಮೇಲಿದೆ, ಟ್ರಾಲಿ ಜಾಕ್ ಅಲ್ಲಿಗೆ ಮುಟ್ಟಲ್ಲ. ಅದರ ತಲೆ ಮೇಲೆ ಒಂದಡಿ ಉದ್ದದ ಮರ ನಿಲ್ಲಿಸಿ ಎತ್ತೋಣ ಅಂತ ನನ್ನ ಕಸಿನ್ ಹೇಳ್ದ, ಸುಮ್ಮನೆ ನಿಲ್ಲಿಸಿ ನೋಡಿದ್ವಿ, ಭಾರ ಹೇರದೆನೇ ಆ ಮರ ಕುಡುಕನ ಥರ ತೂಗಾಡ್ತಾ ಇತ್ತು. ಅದೂ ಅಲ್ದೆ ಟ್ರಾಲಿ ಜಾಕಿನ ಕೈ ಕಮಾನಿನ ಥರ ಮೇಲೇಳುತ್ತೆ, ನೆಟ್ಟಗೆ ಏಳಲ್ಲ, ಎತ್ತುತ್ತಾ ಎತ್ತುತ್ತಾ ಪಕ್ಕಕ್ಕೂ ಎಳೆಯುತ್ತೆ. ಪಕ್ಕಕ್ಕೆ ಎಳೆಯೋದೇ ಬೇಡ ಅಂತ ಅಲ್ವಾ ನಾವು ಇಷ್ಟೆಲ್ಲ ಮಾಡ್ತಿರೋದು. ಬಾಟಲ್ ಜಾಕ್ ನೆಟ್ಟಗೆ ಏಳುತ್ತೆ, ಮಡಚಿದಾಗ ಎಂಟಿಂಚು. ಆಚಾರ್ರು ಅವರ ಅಂಗಡಿಯಿಂದ ಹಳೇ ಬಾಗಿಲು ಚೌಕಟ್ಟಿನ ಮತ್ತಿ ಮರದ ತುಂಡುಗಳು ತಂದಿದ್ರು, ನಾಲ್ಕಿಂಚು ಅಗಲ ಮೂರಿಂಚು ದಪ್ಪ. ಅವನ್ನ ಎರಡು ಉದ್ದಕ್ಕೆ ಎರಡು ಅಡ್ಡಕ್ಕೆ ಅಂತ ನಾಲ್ಕು ಸಾಲು ಪೇರಿಸಿದ್ವಿ, ಸೌದೆ ಒಟ್ಟಿದ ಹಾಗೆ, ಕೆಳಗೆ ನೆಲಕ್ಕೆ ಪ್ಲೈವುಡ್ಡು, ಮೇಲೆ ಪ್ಲೈವುಡ್ಡು, ಅದರ ಮೇಲೆ ಜಾಕು, ಜಾಕಿನ ತಲೆ ಮೇಲೆ ಎರಡಿಂಚಿನ ಮರದ ತುಂಡು, ಅದಕ್ಕೆ ಹಳೇ ಕಂಬಳಿ ಚೂರು. ಅದರ ಪಕ್ಕದಲ್ಲೇ ಇನ್ನೊಂದು ಅಂಥದೇ ಅಟ್ಟಣೆ, ಇದಕ್ಕೆ ಜಾಕ್ ಇಲ್ಲ, ಬರೀ ಮರ, ಪಿಯಾನೋ ಹೊಟ್ಟೆ ತನಕ. ಜಾಕ್ ಎರಡು ಪಂಪ್ ಹೊಡೆದ ತಕ್ಷಣ ಈ ಎರಡನೇ ಅಟ್ಟಣೆ ಮೇಲೆ ಒಂದು ತೆಳು ಪ್ಲೈವುಡ್ ತುಂಡು ತೂರಿಸೋದು, ಮತ್ತೆರಡು ಪಂಪು, ಮತ್ತೊಂದು ತುಂಡು. ಪಿಯಾನೋಗೂ ಮರಕ್ಕೂ ಕಾಲಿಂಚಿಗಿಂತ ಹೆಚ್ಚು ಸಂದು ಯಾವತ್ತೂ ಇರಬಾರದು. ಜಾಕ್ ಕೈ ಕೊಟ್ರೂ ಬೀಳೋದು ಕಾಲಿಂಚು. ಜಾಕನ್ನ ನಂಬಿ ಅದರ ಕೆಳಗೆ ಕೈ ಇಡೋನು ನಮ್ಮ ಫ್ಯಾಕ್ಟರೀಲಿ ಎರಡನೇ ದಿನ ಕೆಲಸದಲ್ಲಿ ಇರಲ್ಲ.

ಹಿಂಗಾಲು ಮೊದಲು. ಚೌಕಟ್ಟನ್ನ ಪಿಯಾನೋ ಕೆಳಗೆ ಬಿಚ್ಚಿ ಹರಡಿ, ನಡುವಿನ ಬೋಲ್ಟ್ ಎಲ್ಲ ಸಡಿಲ ಬಿಟ್ಟು, ಕೈಗಳನ್ನ ಕಾಲಿನ ಪಕ್ಕಕ್ಕೆ ತಂದಿಟ್ವಿ. ಕಸಿನ್ ಜಾಕ್ ಹ್ಯಾಂಡಲ್, ಆಚಾರ್ರು ಪ್ಲೈವುಡ್ ತುಂಡು, ಅಣ್ಣ ತಮ್ಮ ಇಬ್ಬರೂ ಎರಡು ಕಡೆ ಅಂಚು ಹಿಡ್ಕೊಂಡು, ಹಿಡ್ಕೊಂಡು ಅಂದ್ರೆ ಎತ್ತೋಕಲ್ಲ, ಸುಮ್ಮನೆ ಕೈ ತಾಗಿಸಿಕೊಂಡು ಅಲ್ಲಾಡುತ್ತಾ ನೋಡೋಕೆ. ಮಾತಾಡೋನು ನಾನೊಬ್ಬನೇ, ಬೇರೆ ಯಾರೂ ಬಾಯಿ ಬಿಡಂಗಿಲ್ಲ, "ನಿಲ್ಸು" ಅನ್ನೋ ಪದ ಮಾತ್ರ ಯಾರು ಬೇಕಾದ್ರೂ ಹೇಳಬಹುದು. ಮೊದಲ ಐದಾರು ಪಂಪಿಗೆ ಏನೂ ಆಗಲಿಲ್ಲ, ಕಂಬಳಿ ಒತ್ತಿಕೊಳ್ತು, ಮರ ಕಿರ್ ಅಂತು. ಆಮೇಲೆ ಹಿತ್ತಾಳೆ ಗಾಲಿ ಕೆಳಗೆ ನಾನಿಟ್ಟಿದ್ದ ಪೋಸ್ಟ್‌ಕಾರ್ಡ್ ಎಳೆದ್ರೆ ಬಂತು. ಕೆಂಪು ನೆಲದಲ್ಲಿ ಆ ಗಾಲಿ ಕೂತಿದ್ದ ಜಾಗದಲ್ಲಿ ಬಟ್ಟಲಿನ ಥರ ಒಂದು ತಗ್ಗು, ಅಡಿಕೆ ಹೋಳು ಕೂರೋಷ್ಟು, ಅದರೊಳಗೆ ಹಸಿರು ಬಣ್ಣದ ಕಿಲುಬು. ದೊಡ್ಡಮ್ಮ ಬಗ್ಗಿ ಅದನ್ನೇ ನೋಡ್ತಾ ನಿಂತುಬಿಟ್ರು, ನಾವು ಸರೀರಿ ಸರೀರಿ ಅನ್ನಬೇಕಾಯ್ತು. ಒಂದೂಕಾಲು ಇಂಚು ಆಗ್ತಿದ್ದ ಹಾಗೆ ಕಪ್ಪನ್ನ ಒಂದು ಮರದ ಕೋಲಲ್ಲಿ ತಳ್ಳಿದೆ, ಕೈಯಲ್ಲಲ್ಲ. ಕೂತ್ಕೊಂತು. ಪ್ಲೈವುಡ್ ಒಂದೊಂದೇ ತೆಗೆದು ಜಾಕ್ ವಾಲ್ವನ್ನ ಕೂದಲೆಳೆಯಷ್ಟು ತಿರುಗಿಸಿ ಇಳಿಸಿದ್ದು, ಎತ್ತೋದಕ್ಕಿಂತ ಇಳಿಸೋಕೇ ಜಾಸ್ತಿ ಹೊತ್ತು ಹಿಡೀತು.

ಎರಡನೇದು ಮುಂದಿನ ಬಲಗಾಲು, ಆ ಸೀಳು ಬಿಟ್ಟಿದ್ದ ಕಾಲು. ಹಿಂಗಾಲು ಈಗ ಗಾಲಿ ಮೇಲಿದೆ, ಗಾಲಿಗೆ ಬ್ರೇಕ್ ಹಾಕಿದೀವಿ, ಆದ್ರಿಂದ ನಿಶ್ಚಿಂತೆ ಅಂತ ನಾನಂದ್ಕೊಂಡೆ. ಅರ್ಧ ಇಂಚು ಎತ್ತಿರಬೇಕು, ಅಣ್ಣ ಇದ್ದಕ್ಕಿದ್ದ ಹಾಗೆ "ನಿಲ್ಸು ನಿಲ್ಸು, ಹೊಂಟದೆ!" ಅಂತ ಕೂಗಿದ್ರು. ಹಿಂದಿನ ಗಾಲಿ ಉರುಳಿರಲಿಲ್ಲ, ಬ್ರೇಕ್ ಹಿಡಿದೇ ಇತ್ತು, ಆದ್ರೆ ಗಾಲಿ ಇದ್ದ ಜಾಗದಲ್ಲೇ ಗಿರಕಿ ಹೊಡೆದಿತ್ತು. ಸುತ್ತೋ ಗಾಲಿಯ ಬ್ರೇಕು ಉರುಳೋದನ್ನ ಮಾತ್ರ ತಡೆಯುತ್ತೆ, ತಿರುಗೋದನ್ನ ತಡೆಯಲ್ಲ, ಎರಡನ್ನೂ ತಡೆಯೋ ಬ್ರೇಕು ಬೇರೆ ಬರುತ್ತೆ, ಅದು ದುಬಾರಿ ಅಂತ ಅಂಗಡೀಲಿ ನಾನೇ ಬೇಡ ಅಂದಿದ್ದೆ. ಇಡೀ ಪಿಯಾನೋ ಒಂದು ಬೆರಳಷ್ಟು ಪಕ್ಕಕ್ಕೆ ಸರಿದು, ಜಾಕಿನ ತಲೆ ಮೇಲಿನ ಮರ ಓರೆಯಾಗಿ ಟಪ್ ಅಂತ ಹಾರಿ ಜಮಖಾನದ ಮೇಲೆ ಬಿತ್ತು. ಪಿಯಾನೋ ಒಳಗೆ ಅಷ್ಟೂ ತಂತಿ ಒಂದೇ ಸಲ "ಹ್ಞೂಂ..." ಅಂತ ಗುಂಯ್ಗುಟ್ಟಿದ್ವು. ಆ ಸದ್ದು ನಿಲ್ಲೋತನಕ ಹಾಲಲ್ಲಿ ಯಾರೂ ಉಸಿರಾಡಲಿಲ್ಲ. ಬಿದ್ದಿದ್ದು ಕಾಲಿಂಚೂ ಇಲ್ಲ, ಎರಡನೇ ಅಟ್ಟಣೆ ಹಿಡ್ಕೊಂಡಿತ್ತು. ಆಚಾರ್ರು ಆಗ ತಾನೇ ತುಂಡು ತೂರಿಸಿ ಕೈ ಹೊರಗೆ ತೆಗೆದಿದ್ರಂತೆ, ಆಮೇಲೆ ಕಾಫಿ ಕುಡಿಯೋವಾಗ ಹೇಳಿದ್ರು, ಲೋಟ ಎರಡು ಕೈಯಲ್ಲಿ ಹಿಡ್ಕೊಂಡಿದ್ರು.

ಕಾಫಿ ದೊಡ್ಡಮ್ಮಂದೇ, ಯಾರೂ ಕೇಳಿರಲಿಲ್ಲ. ಎಲ್ಲರೂ ಜಗಲಿ ಮೇಲೆ ಕೂತ್ವಿ. ಅಣ್ಣಂಗೆ ಅವರು "ಇದು ನಮ್ಮ ಮಹಾರಾಜರೂ ನುಡಿಸ್ತಿದ್ದ ವಾದ್ಯ ಕಣಪ್ಪ" ಅಂತ ಶುರು ಮಾಡಿದ್ರು, ಅದು ಅವರ ಇಷ್ಟದ ಕಥೆ. ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಸಂಗೀತ ಕ್ರಮವಾಗಿ ಕಲಿತವರು, ರಷ್ಯಾದ ಮೆಟ್ನರ್ ಅನ್ನೋ ಸಂಗೀತಗಾರ ಲಂಡನ್ನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳ ರೆಕಾರ್ಡಿಂಗಿಗೆ ದುಡ್ಡು ಕೊಟ್ಟು ಮಾಡಿಸಿದ್ದು ಇವರೇ, ಮೆಟ್ನರ್ ತನ್ನ ಮೂರನೇ ಪಿಯಾನೋ ಕಾನ್ಚರ್ಟೋನ, ಅಂದ್ರೆ ಆರ್ಕೆಸ್ಟ್ರಾ ಜೊತೆ ಪಿಯಾನೋ ನುಡಿಸೋ ಕೃತೀನ, ಮೈಸೂರು ಮಹಾರಾಜರಿಗೇ ಅರ್ಪಣೆ ಮಾಡಿದಾರೆ. ಅಣ್ಣ ಎಲ್ಲ ಕೇಳಿ "ಅರಮನೇಲಿ ಇದನ್ನ ತಳ್ಳೋಕೆ ಎಷ್ಟ್ ಜನ ಇದ್ರಮ್ಮ" ಅಂದ್ರು. ದೊಡ್ಡಮ್ಮನ ಹತ್ರ ಉತ್ತರ ಇರಲಿಲ್ಲ.

ಆಮೇಲೆ ಉಪಾಯ ಹೇಳಿದ್ದೂ ಅಣ್ಣನೇ. "ತೇರು ಎಳಿಯೋವಾಗ ಗಾಲಿಗೆ ಮರ ಕೊಡಲ್ವಾ ಸಾ, ನಂಜನಗೂಡಲ್ಲಿ ನೋಡಿಲ್ವಾ. ಬ್ರೇಕಾ ತೇರಿಗಿರೋದು?" ಅಷ್ಟೇ. ಒಂದೊಂದು ಗಾಲಿಗೂ ಎರಡೂ ಕಡೆಯಿಂದ ಬೆಣೆ ಕೊಟ್ಟು, ಕಪ್ಪಿನ ತಳಕ್ಕೂ ನೆಲಕ್ಕೂ ಮಧ್ಯೆ ಇರೋ 25 ಎಂಎಂ ಸಂದಿಗೆ ಒಂದು ಮರದ ತುಂಡು ಬಿಗಿಯಾಗಿ ತೂರಿಸಿಬಿಟ್ರೆ ಗಾಲಿ ಇದ್ದೂ ಇಲ್ಲದ ಹಾಗೆ, ಭಾರ ಎಲ್ಲ ಮರದ ಮೇಲೆ. ಅದಕ್ಕಿಂತ ಸರಳ ಇನ್ನೇನಿದೆ, ನನಗೆ ಯಾಕೆ ಹೊಳೀಲಿಲ್ಲವೋ. ಅವರ ಬಿಗಿದ ಮುಖನೂ ಅಲ್ಲಿಂದ ಸಡಿಲ ಆಯ್ತು, ಆಮೇಲಿನ ಕೆಲಸಕ್ಕೆ ಅವರೇ ಮೇಸ್ತ್ರಿ, ನಾನು ಕೋಲು ತಳ್ಳೋ ಆಳು.

ಬಲಗಾಲು, ಎಡಗಾಲು ಎರಡೂ ಹಂಗೇ ಒಂದು ಗಂಟೆ ಒಳಗೆ ಆಯ್ತು, ಹೇಳೋಕೆ ಏನೂ ಇಲ್ಲ. ಎಡಗಾಲು ಎತ್ತೋವಾಗ ಉಳಿದೆರಡೂ ಗಾಲಿ ಮೇಲಿದ್ವಲ್ಲ, ಆ ತುಂಡುಗಳು ಇಲ್ಲದೆ ಹೋಗಿದ್ರೆ ಏನಾಗ್ತಿತ್ತು ಅಂತ ಯೋಚನೆ ಮಾಡೋಕೂ ಇಷ್ಟ ಇಲ್ಲ. ಮೂರೂ ಕೂತ ಮೇಲೆ ಕಪ್ಪಿನ ಬಾಗಿಲು ಪಟ್ಟಿ ಹಾಕಿ, ಕೈಗಳ ಉದ್ದ ಸರಿ ಮಾಡಿ, ನಡುವಿನ ಬೋಲ್ಟುಗಳನ್ನ ಬಿಗಿ ಮಾಡಿದ್ವಿ. ಇಲ್ಲೊಂದು ಸೂಕ್ಷ್ಮ ಇದೆ, ಬೋಲ್ಟ್ ಬಿಗಿ ಮಾಡೋ ಭರದಲ್ಲಿ ಕೈ ಒಳಕ್ಕೆ ಎಳೆದುಕೊಂಡ್ರೆ ಕಾಲೂ ಒಳಕ್ಕೆ ವಾಲುತ್ತೆ, ಹಾಗಾಗಿ ಆಚಾರ್ರು ಒಂದೊಂದು ಕಾಲಿಗೂ ತೂಗುಗುಂಡು ಹಿಡಿದು, ಕಾಲು ನೆಟ್ಟಗಿರೋದು ನೋಡಿಕೊಂಡು ಆಮೇಲೆ ಬಿಗಿ ಮಾಡಿಸಿದ್ರು. ಪೆಡಲ್ ಪೆಟ್ಟಿಗೆ ವಾಪಸ್ ಕೂರಿಸೋವಾಗ ಮೂರನೇ ನಂಬರ್ ಕಡ್ಡಿ ಕಾಣಲಿಲ್ಲ, ಅರ್ಧ ಗಂಟೆ ಹುಡುಕಿದ್ವಿ, ಟೀಪಾಯಿ ಮೇಲೆ ಹೂದಾನಿ ಪಕ್ಕ ಸಾಲಾಗಿ ಇತ್ತು, ದೊಡ್ಡಮ್ಮ ಎತ್ತಿಟ್ಟಿದ್ರು.

ತುಂಡು ಬೆಣೆ ಎಲ್ಲ ತೆಗೆದು ಬ್ರೇಕ್ ಬಿಟ್ಟು, ಅಣ್ಣ ಎರಡು ಬೆರಳಲ್ಲಿ ತಳ್ಳಿ ನೋಡಿದ್ರು. ಹೋಯ್ತು. ಅವರಿಗೆ ನಗು ತಡೆಯೋಕಾಗಲಿಲ್ಲ, ಮತ್ತೆ ವಾಪಸ್ ತಳ್ಳಿದ್ರು, ತಮ್ಮನ್ನ ಕರೆದು ಅವನ ಕೈಲೂ ತಳ್ಳಿಸಿದ್ರು. ಒಂದೇ ಒಂದು ಮಾತು ಎಲ್ಲರಿಗೂ ಹೇಳಿದೀನಿ, ಹಾಲಿನ ಹೊಸ್ತಿಲು ದಾಟಿಸೋ ಸಾಹಸ ಮಾತ್ರ ಮಾಡಬೇಡಿ, ಈ ಟ್ರಕ್ ಇರೋದು ಸಮ ನೆಲಕ್ಕೆ, ಆ ಒಂದಿಂಚು ಹೊಸ್ತಿಲಿಗೆ ಮುಂದಿನ ಗಾಲಿ ಡಿಕ್ಕಿ ಹೊಡೆದ್ರೆ ಮತ್ತೆ ಅದೇ ಲಟಕ್.

ದೊಡ್ಡಮ್ಮ ಕೂತು ಎರಡು ಸ್ಕೇಲು ನುಡಿಸಿದ್ರು, ಎಡಗಡೆ ಒಂದು ಸ್ವರ ಮೊದಲಿಂದಲೂ ಸ್ವಲ್ಪ ಇಳಿದಿತ್ತು, ಅದು ಹಂಗೇ ಇದೆ, ಉಳಿದಿದ್ದೂ ಹಂಗೇ ಇದೆ. ಆಮೇಲೆ ಪೆಡಲ್ ಮೇಲೆ ಕಾಲಿಟ್ರು, ಮುಖ ಕಿವುಚಿದ್ರು. "ಹಿಮ್ಮಡಿ ನೆಲಕ್ಕೆ ಸಿಗ್ತಾ ಇಲ್ಲ ಕಣೋ." ಒಂದಿಂಚು ಏನು ಮಹಾ ಅಂದ್ಕೊಂಡಿದ್ದೆ, ಪೆಡಲೂ ಒಂದಿಂಚು ಮೇಲೆ ಹೋಗಿದೆಯಲ್ಲ, ಹಿಮ್ಮಡಿ ಊರಿ ಬೆರಳಲ್ಲಿ ಒತ್ತೋರಿಗೆ ಆ ಒಂದಿಂಚೇ ಎಲ್ಲ. ಉಳಿದಿದ್ದ ಪ್ಲೈವುಡ್ ತುಂಡುಗಳಲ್ಲಿ ಒಂದಡಿ ಅಗಲದ್ದೊಂದು ನೋಡಿ ಕಾಲಡಿಗೆ ಇಟ್ವಿ, ಸದ್ಯಕ್ಕೆ ಅದರ ಮೇಲೇ ನಡೀತಾ ಇದೆ. ಅದಕ್ಕೆ ಕೆಳಗಡೆ ರಬ್ಬರ್ ಅಂಟಿಸಿ ಪಾಲಿಶ್ ಹೊಡೆದು ಕೊಡ್ತೀನಿ ಅಂತ ಆಚಾರ್ರು ಅಂದಿದಾರೆ, ಗಾಲಿ ಬದಲಾಯಿಸೋದು ನನ್ನ ಪಾಲಿಗಿದೆ, ಈ ಸಲ ತಿರುಗೋದನ್ನೂ ತಡೆಯೋ ಬ್ರೇಕಿಂದೇ ತರಬೇಕು. ಅದಕ್ಕೆ ಮತ್ತೆ ಒಂದ್ಸಲ ಎತ್ತಬೇಕಲ್ಲ ಅಂತ ಅಣ್ಣಂಗೆ ಫೋನ್ ಮಾಡಿದ್ರೆ, "ಟ್ರಕ್ಕಿಗೆ ಟೈರ್ ಚೇಂಜಾ ಸಾ, ಬತ್ತೀನಿ ಬುಡಿ, ಆಟೋ ತರಲ್ಲ" ಅಂದ್ರು.